ಹಳೇ ಗರಗಸದ ಚಾಕು

ಚಾಕು ಮಾಡಿದೆ ಎಂದರೆ ಕೇಳುವವರ ಕಣ್ಣ ಮುಂದೆ ಬರುವುದು ಕುಲುಮೆ, ಕಿಡಿ, ಸುತ್ತಿಗೆಯ ಏಟು. ನಾನು ಮಾಡಿದ ಮೊದಲ ಚಾಕುವಿಗೆ ಸುತ್ತಿಗೆ ಬಿದ್ದದ್ದು ಹಿಡಿಯ ಮೊಳೆ ಕೂರಿಸುವಾಗ ಮಾತ್ರ. ಬೆಂಕಿಯ ಕೆಲಸವನ್ನೆಲ್ಲ ಕೂಡಿಸಿದರೂ ಒಂದು ಸಂಜೆಯ ಬಾಬತ್ತು. ಉಳಿದದ್ದೆಲ್ಲ ಅರದ ಕೆಲಸ. ತಳ್ಳು, ತಿರುಗಿಸಿ ನೋಡು, ಮತ್ತೆ ತಳ್ಳು. ಇದನ್ನು ಮೊದಲೇ ಹೇಳಿಬಿಟ್ಟರೆ ಸಿನಿಮಾದ ದೃಶ್ಯ ನಿರೀಕ್ಷಿಸುವವರಿಗೆ ನಿರಾಸೆಯಾದೀತು, ಆದರೆ ಇರುವುದು ಹಾಗೆಯೇ.

ಅದು 1988ರ ಬೇಸಿಗೆ. ಡಿಗ್ರಿ ಮುಗಿದಿತ್ತು. ಕಣ್ಣಿಗೆ ಬಿದ್ದ ಪರೀಕ್ಷೆಗಳಿಗೆಲ್ಲ ಅರ್ಜಿ ಗುಜರಾಯಿಸಿ ಪೋಸ್ಟ್‌ಮ್ಯಾನ್ ದಾರಿ ಕಾಯುತ್ತ ಮನೆಯಲ್ಲಿದ್ದೆ. ಅಪ್ಪ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಫಿಟ್ಟರ್. ಆ ಬೇಸಿಗೆಗೆ ಸ್ವಲ್ಪ ಮೊದಲು ನಮ್ಮ ಮನೆಗೆ ಗ್ಯಾಸ್ ಒಲೆ ಬಂದಿತ್ತು. ಗ್ಯಾಸ್ ಬಂದಿದ್ದರಿಂದ ಕಡಪಾ ಕಲ್ಲಿನ ಕಟ್ಟೆ ಬಂತು, ಕಟ್ಟೆ ಬಂದಿದ್ದರಿಂದ ಅಮ್ಮ ನಿಂತು ಅಡುಗೆ ಮಾಡಲು ಶುರು ಮಾಡಿದಳು. ನಿಂತವರಿಗೆ ನೆಲದ ಮೇಲಿನ ಈಳಿಗೆಮಣೆ ಎಟುಕುವುದಿಲ್ಲವಲ್ಲ. ಒಗ್ಗರಣೆ ಚಟಪಟ ಅನ್ನುವಾಗ ಒಂದು ಹಸಿಮೆಣಸಿನಕಾಯಿ ಸೀಳಲು ಕೂತು ಏಳುವುದು ಯಾರಿಗಾದರೂ ಬೇಸರವೇ. ಹೀಗೆ ನಮ್ಮ ಅಡುಗೆಮನೆಗೆ ಚಾಕು ಕಾಲಿಟ್ಟಿತು: ಸಂತೆಯಲ್ಲಿ ತಂದ ಪ್ಲಾಸ್ಟಿಕ್ ಹಿಡಿಯ ಸ್ಟೀಲ್ ಚಾಕು.

ಅಮ್ಮನಿಗೆ ಅದು ಮೊದಲ ದಿನದಿಂದಲೇ ಆಗಿಬರಲಿಲ್ಲ. ಈಳಿಗೆಮಣೆಯಲ್ಲಿ ಅಲಗು ನಿಂತಿರುತ್ತದೆ, ತರಕಾರಿ ಅದರ ಮೇಲೆ ಹೋಗುತ್ತದೆ, ಎರಡು ಕೈಯೂ ತರಕಾರಿಗೇ ಮೀಸಲು. ಚಾಕುವಿನಲ್ಲಿ ಎಲ್ಲ ತಿರುಗುಮುರುಗು. ಅದನ್ನಾದರೂ ಅಭ್ಯಾಸ ಮಾಡಿಕೊಳ್ಳಬಹುದು, ಹರಿತವೇ ಇಲ್ಲದಿದ್ದರೆ ಏನು ಮಾಡುವುದು? "ಇದು ಬೆಂಡೆಕಾಯಿ ಜಜ್ಜುತ್ತೆ, ಹೆಚ್ಚಲ್ಲ" ಎಂದು ಅವಳ ದೂರು. ಕಟ್ಟೆಯಂಚಿಗೆ ಉಜ್ಜಿ ಚೂಪು ಮಾಡಿದರೆ ಮಧ್ಯಾಹ್ನದ ಅಡುಗೆ ಮುಗಿಯುವಷ್ಟರಲ್ಲಿ ಮತ್ತೆ ಮೊಂಡು.

"ನಾನೊಂದು ಮಾಡಿಕೊಡ್ತೀನಿ ಬಿಡು" ಎಂದುಬಿಟ್ಟೆ. ಮಾತಿಗೆ ಅಂದದ್ದು. ಅಪ್ಪ ಪೇಪರಿನಿಂದ ತಲೆಯೆತ್ತದೆ ಕೇಳಿದರು: "ಯಾವ ಉಕ್ಕಲ್ಲಿ?"

ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲೇ ಅರ್ಧ ವಿದ್ಯೆ ಬಂತು. ಭದ್ರಾವತಿಯಲ್ಲಿ ಗುಜರಿ ಅಂಗಡಿಗಳಿಗೆ ಬರವೇ? ಕಿಟಕಿ ಗ್ರಿಲ್ಲಿಗೆ ಬಳಸುವ ಒಳ್ಳೆಯ ಚಪ್ಪಟೆ ಪಟ್ಟಿ ಕಂಡು ತಂದೆ. ಅಪ್ಪ ಅದನ್ನು ನೋಡಿ, "ಇದನ್ನ ಎಷ್ಟು ಕಾಯಿಸಿ ಅದ್ದಿದರೂ ಇದು ಹಿಂಗೇ ಇರುತ್ತೆ. ಇದರಲ್ಲಿ ಕಾರ್ಬನ್ ಇಲ್ಲ" ಅಂದರು. ಗ್ರಿಲ್ಲಿನ ಕಬ್ಬಿಣದಲ್ಲಿ ಇಂಗಾಲ ಇರುವುದು ಶೇಕಡಾ 0.2ರ ಆಸುಪಾಸು. ಕಾಯಿಸಿ ತಣಿಸಿದಾಗ ಅಲಗಿಗೆ ಸಾಕಾಗುವಷ್ಟು ಗಡುಸಾಗಬೇಕಾದರೆ ಶೇಕಡಾ 0.5 ದಾಟಬೇಕು. ಒಳ್ಳೆಯ ಅಲಗಿಗೆ 0.7ರಿಂದ 1ರವರೆಗೆ ಇದ್ದರೆ ಚೆಂದ. ನೂರು ಗ್ರಾಂ ಕಬ್ಬಿಣದಲ್ಲಿ ಅರ್ಧ ಗ್ರಾಂ ಇದ್ದಿಲು ಹೆಚ್ಚೋ ಕಮ್ಮಿಯೋ ಎನ್ನುವುದರ ಮೇಲೆ ಅದು ಕಿಟಕಿಯ ಸರಳೋ, ಚಾಕುವೋ ತೀರ್ಮಾನವಾಗುತ್ತದೆ. ಕಾರ್ಖಾನೆ ಊರಿನಲ್ಲಿ ಹುಟ್ಟಿ ಬೆಳೆದೂ ನನಗೆ ಇದು ಅಲ್ಲಿಯವರೆಗೆ ಯಾರೂ ಹೇಳದ ಸುದ್ದಿ.

ಲಾರಿಯ ಕಮಾನು ಪಟ್ಟಿ? ಉಕ್ಕೇನೋ ಸರಿ, ನಮ್ಮ ಕಡೆಯ ಕತ್ತಿ ಮಚ್ಚುಗಳೆಲ್ಲ ಅದರದ್ದೇ. ಆದರೆ ಬೆರಳು ದಪ್ಪದ ಆ ಪಟ್ಟಿಯನ್ನು ಬಡಿದು ತೆಳ್ಳಗೆ ಮಾಡಲು ಕುಲುಮೆ ಬೇಕು, ಅಡಿಗಲ್ಲು ಬೇಕು, ಸುತ್ತಿಗೆ ಬೀಸುವ ತೋಳೂ ಬೇಕು. ಸವೆದ ಅರ? ಅದರಲ್ಲಿ ಇಂಗಾಲ ಶೇಕಡಾ 1ಕ್ಕಿಂತ ಹೆಚ್ಚು, ಉಕ್ಕಿನಲ್ಲಿ ಅದು ರಾಜ. ಆದರೆ ಅದೂ ದಪ್ಪ, ಮೇಲಾಗಿ ಅರವನ್ನು ಅರದಿಂದಲೇ ಉಜ್ಜಲು ಆಗುವುದಿಲ್ಲ.

ಉತ್ತರ ಸಿಕ್ಕಿದ್ದು ತೀರ್ಥಹಳ್ಳಿ ಕಡೆಯ ಅಜ್ಜನ ಮನೆಯ ಅಟ್ಟದಲ್ಲಿ. ಮರ ಕೊಯ್ಯುವ ಮಿಲ್ಲುಗಳು ಬರುವ ಮೊದಲು, ಗುಂಡಿಯೊಳಗೊಬ್ಬ ಮೇಲೊಬ್ಬ ನಿಂತು ದಿಮ್ಮಿ ಸೀಳುತ್ತಿದ್ದ ಕಾಲದ ಎರಡಾಳಿನ ಗರಗಸ ಅಲ್ಲಿ ಬಿದ್ದಿತ್ತು. ತುಕ್ಕು ಹಿಡಿದು, ಒಂದು ತುದಿ ಮುರಿದಿತ್ತು. ದಪ್ಪ ಹೆಚ್ಚೂಕಮ್ಮಿ ಎರಡು ಮಿಲಿಮೀಟರ್. ಅಪ್ಪನಿಗೆ ತೋರಿಸಿದೆ.

"ಗರಗಸದ ಹಲ್ಲನ್ನ ಏನ್ರಲ್ಲಿ ಚೂಪು ಮಾಡ್ತಾರೆ?"

"ಅರದಲ್ಲಿ."

"ಅಂದ್ಮೇಲೆ ಇದು ಅರಕ್ಕೆ ಬಗ್ಗುತ್ತೆ. ಅಂಥಾ ಮರ ಕೊಯ್ದಿದೆ ಅಂದ್ಮೇಲೆ ಹದಾನೂ ಹಿಡಿಯುತ್ತೆ. ಇನ್ನೇನು ಬೇಕು?"

ಅವರ ಮಾತಿನ ಮೇಲೆ ನಂಬಿಕೆ ಇದ್ದರೂ ಪರೀಕ್ಷೆ ಆಗಬೇಕಿತ್ತು. ಓಣಿಯ ಕೊನೆಯ ವೆಲ್ಡಿಂಗ್ ಅಂಗಡಿಯಲ್ಲಿ ತಿರುಗುವ ಕಲ್ಲಿಗೆ ಮೊದಲು ಗ್ರಿಲ್ಲಿನ ಪಟ್ಟಿ ಹಿಡಿದರು. ಉದ್ದುದ್ದ ಗೆರೆಗಳು ಹೊರಟು ಹಾಗೆಯೇ ಆರಿದವು. ಗರಗಸದ ತುಂಡು ಹಿಡಿದಾಗ ಪ್ರತಿ ಗೆರೆಯ ತುದಿಯೂ ಸಿಡಿದು ಕವಲೊಡೆಯಿತು. ಉಕ್ಕಿನಲ್ಲಿ ಇಂಗಾಲ ಹೆಚ್ಚಿದಷ್ಟೂ ಕಿಡಿ ಹೆಚ್ಚು ಕವಲೊಡೆಯುತ್ತದೆ. ಪ್ರಯೋಗಾಲಯಕ್ಕೆ ಹೋಗದೆ ಉಕ್ಕಿನ ಜಾತಕ ನೋಡುವ ಈ ಉಪಾಯ ಗುಜರಿ ವ್ಯಾಪಾರಿಗಳಿಗೂ ಗೊತ್ತು.

ಇಲ್ಲಿಂದ ಮುಂದೆ ನಡೆದದ್ದನ್ನು ನೆನೆದಾಗೆಲ್ಲ ನನಗೆ ಆಶ್ಚರ್ಯವಾಗುವುದು ಒಂದೇ ವಿಷಯಕ್ಕೆ. ಚಾಕುವಿಗೆ ಬೇಕಾದ ಕಾರ್ಖಾನೆಯ ಬಹುಪಾಲು ನಮ್ಮ ಮನೆಯಲ್ಲೇ ಇತ್ತು. ಬಚ್ಚಲಲ್ಲಿ ಸ್ವಲ್ಪ, ಅಜ್ಜನ ಅಡಿಕೆ ತೋಟದ ಸಾಮಾನಿನ ಮೂಲೆಯಲ್ಲಿ ಸ್ವಲ್ಪ, ಅಡುಗೆಮನೆಯಲ್ಲಿ ಉಳಿದದ್ದು. ಹೊರಗಿನಿಂದ ತಂದದ್ದು ಬಹಳ ಕಡಿಮೆ.

ಮೊದಲು ಬಚ್ಚಲು. ಗರಗಸದ ಉಕ್ಕು ಅರಕ್ಕೆ ಬಗ್ಗುತ್ತದೆ ನಿಜ, ಆದರೆ ಕೈಯಿಂದ ತಿರುಗಿಸುವ ಡ್ರಿಲ್ಲಿಗೆ ಬಗ್ಗುವುದು ಕಷ್ಟ. ಅದನ್ನು ಮೆತ್ತಗೆ ಮಾಡಬೇಕು. ಮೆತ್ತಗೆ ಮಾಡುವುದೆಂದರೆ ಕೆಂಪಗೆ ಕಾಯಿಸಿ ಆದಷ್ಟು ನಿಧಾನ ಆರಲು ಬಿಡುವುದು. ಹಂಡೆ ಒಲೆಯಲ್ಲಿ ಸಂಜೆ ಎಲ್ಲರ ಸ್ನಾನ ಮುಗಿದ ಮೇಲೆ ಉಳಿಯುವ ಕೆಂಡದ ರಾಶಿಯಲ್ಲಿ ಉಕ್ಕಿನ ತುಂಡು ಹೂತು, ಮೇಲೆ ಬೂದಿ ಮುಚ್ಚಿದೆವು. ಬೂದಿಯೊಳಗೆ ಶಾಖ ತಪ್ಪಿಸಿಕೊಳ್ಳುವುದೇ ಇಲ್ಲ. ಬೆಳಿಗ್ಗೆ ಅಮ್ಮ ಒಲೆ ಹೊತ್ತಿಸುವ ಮೊದಲು ತೆಗೆದಾಗಲೂ ಕೈಗೆ ಬಿಸಿ ತಾಕಿತು. ಹಿಂದಿನ ದಿನ ಬಗ್ಗಿಸಿದರೆ ಚಿಮ್ಮುತ್ತಿದ್ದ ಉಕ್ಕು ಈಗ ಬಗ್ಗಿದಲ್ಲೇ ಉಳಿಯುತ್ತಿತ್ತು.

ಎರಡನೆಯದು ಮೈಲುತುತ್ತ. ಹಳೆಯ ಕ್ಯಾಲೆಂಡರಿನ ರಟ್ಟಿನಲ್ಲಿ ಚಾಕುವಿನ ಆಕಾರ ಕತ್ತರಿಸಿದ್ದಾಯಿತು. ಅಲಗು ಆರು ಅಂಗುಲ, ಹಿಡಿ ನಾಲ್ಕೂವರೆ. ಅದನ್ನು ಉಕ್ಕಿನ ಮೇಲೆ ಗೀಚಬೇಕು. ಪೆನ್ಸಿಲ್ ಗೆರೆ ಅರದ ಎರಡು ಎಳೆತಕ್ಕೆ ಮಾಯ. ಅಪ್ಪ ಚಿಟಿಕೆ ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ, ಉಜ್ಜಿ ಬೆಳಗಿದ ಉಕ್ಕಿಗೆ ಬಟ್ಟೆಯಿಂದ ಸವರಿದರು. ಕಣ್ಣೆದುರೇ ಉಕ್ಕು ತಾಮ್ರವಾಯಿತು! ಮೈಲುತುತ್ತದಲ್ಲಿರುವ ತಾಮ್ರ ಕಬ್ಬಿಣದ ಮೇಲೆ ತೆಳುವಾಗಿ ಕೂರುತ್ತದೆ. ಅದರ ಮೇಲೆ ಚೂಪು ಮೊನೆಯಿಂದ ಗೀಚಿದರೆ ಕೆಂಪು ನೆಲದಲ್ಲಿ ಬೆಳ್ಳಿಗೆರೆ ಎದ್ದು ಕಾಣುತ್ತದೆ. ಫಿಟ್ಟರುಗಳು ತಲೆಮಾರುಗಳಿಂದ ಮಾಡುತ್ತ ಬಂದ ಕೆಲಸ ಇದು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ಅಜ್ಜನ ಮನೆಯಲ್ಲಿ ಮೂಟೆಗಟ್ಟಲೆ ಇರುತ್ತಿದ್ದ ವಸ್ತುವಿಗೆ ಇಂಥ ಉಪಯೋಗವೂ ಇದೆ ಎಂದು ನಾನು ಊಹಿಸಿರಲಿಲ್ಲ. ಕಳೆದ ಶತಮಾನದ ಆರಂಭದಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೆನಡಾದ ವಿಜ್ಞಾನಿ ಮೈಸೂರು ಸಂಸ್ಥಾನಕ್ಕೆ ಬಂದು, ಅಡಿಕೆ ಗೊನೆಗೆ ಈ ಔಷಧ ಹೊಡೆಯುವುದನ್ನು ಮಲೆನಾಡಿನ ರೈತರಿಗೆ ಕಲಿಸಿದರು. ಅವರ ಪುಣ್ಯದಿಂದ ನನ್ನ ಚಾಕುವಿಗೂ ಗೆರೆ ಸಿಕ್ಕಿತು.

ಕತ್ತರಿಸುವ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹ್ಯಾಕ್ಸಾ ಬ್ಲೇಡಿನ ಹಲ್ಲು ಮುಂದಕ್ಕೆ ಮುಖ ಮಾಡಿರಬೇಕು, ತೆಳು ಉಕ್ಕಿಗೆ ಅಂಗುಲಕ್ಕೆ 32 ಹಲ್ಲಿನ ಬ್ಲೇಡೇ ಬೇಕು, ಯಾವಾಗಲೂ ಎರಡು ಮೂರು ಹಲ್ಲಾದರೂ ಉಕ್ಕಿನ ದಪ್ಪದೊಳಗೆ ಕೂತಿರಬೇಕು. ಇಲ್ಲದಿದ್ದರೆ ಹಲ್ಲು ಸಿಕ್ಕಿಕೊಂಡು ಉದುರುತ್ತದೆ. ಅಲಗಿನ ಹೊಟ್ಟೆಯ ಬಾಗು ಇರುವ ಕಡೆ ಸಾಲಾಗಿ ತೂತು ಕೊರೆದು, ನಡುವಿನದನ್ನು ಚಾಣದಿಂದ ಹೊಡೆದು ಬಿಡಿಸಿದೆವು. ಹಿಡಿಯ ಮೊಳೆಗಳಿಗೆ ಬೇಕಾದ ತೂತನ್ನೂ ಆಗಲೇ ಕೊರೆದದ್ದಾಯಿತು. ಕಾಯಿಸಿ ಅದ್ದಿ ಹದ ಹಾಕಿದ ಮೇಲೆ ಆ ಉಕ್ಕಿಗೆ ಸಾಧಾರಣ ಡ್ರಿಲ್ಲು ಇಳಿಯುವುದಿಲ್ಲ. ಚಾಕುವಿನ ಕೆಲಸದಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎನ್ನುವುದು ಕೈಚಳಕಕ್ಕಿಂತ ದೊಡ್ಡದು.

ಇನ್ನು ಅರ. ಹಿತ್ತಲ ಜಗಲಿಯಲ್ಲಿ ಹಲಸಿನ ಮರದ ಬೆಂಚು, ಅದಕ್ಕೆ ಬೋಲ್ಟು ಹಾಕಿ ಕೂರಿಸಿದ ಸಣ್ಣ ವೈಸು. ಅಪ್ಪ ಶಿಫ್ಟಿಗೆ ಹೋದಾಗ ನಾನೊಬ್ಬನೇ. ಐಟಿಐಯಲ್ಲಿ ಫಿಟ್ಟರ್ ಟ್ರೇಡಿಗೆ ಸೇರಿದವರಿಗೆ ಮೊದಲು ಕೊಡುವ ಕೆಲಸವೇ ಕಬ್ಬಿಣದ ತುಂಡೊಂದನ್ನು ಅರದಲ್ಲಿ ಉಜ್ಜಿ ಚೌಕ ಮಾಡುವುದಂತೆ. ಮೇಷ್ಟ್ರು ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡುತ್ತಾರೆ. ಸಂದಿಯಲ್ಲಿ ಬೆಳಕು ತೂರಿದರೆ ತುಂಡು ವಾಪಸ್. ಅಪ್ಪನೂ ಹಾಗೆ ಕಲಿತವರು. ಅದೇ ಶಾಲೆ ನನಗೂ ನಡೆಯಿತು.

ಅರ ಮುಂದೆ ಹೋಗುವಾಗ ಮಾತ್ರ ಭಾರ ಹಾಕಬೇಕು. ಹಿಂದಕ್ಕೆ ಬರುವಾಗ ಎತ್ತಬೇಕು. ಎತ್ತದೆ ಎಳೆದರೆ ಅದರ ಹಲ್ಲು ಸಾಯುತ್ತದೆ. ತೋಳಿನಿಂದ ಅಲ್ಲ, ಕಾಲಿನಿಂದ ತಳ್ಳಬೇಕು: ಎಡಗಾಲು ಮುಂದೆ, ಮೈ ಇಡೀ ಅರದ ಜೊತೆ ಹೋಗಬೇಕು. ಕೈ ತೂಗಿದರೆ ಮಟ್ಟ ಇರಬೇಕಾದ ಮೈ ಉಬ್ಬುತ್ತದೆ. ಅರದ ಹಲ್ಲಿನ ಸಂದಿಗೆ ಉಕ್ಕಿನ ಪುಡಿ ಕಚ್ಚಿಕೊಂಡರೆ ಅದೇ ಪುಡಿ ಕೆಲಸದ ಮೇಲೆ ಆಳವಾದ ಗೀರು ಎಳೆಯುತ್ತದೆ. ಅದಕ್ಕೆ ಮದ್ದು ಸೀಮೆಸುಣ್ಣ. ಅರಕ್ಕೆ ಮೊದಲೇ ಸುಣ್ಣ ಬಳಿದಿದ್ದರೆ ಪುಡಿ ಅಂಟುವುದಿಲ್ಲ, ತಂತಿ ಬ್ರಷ್ಷಿನಲ್ಲಿ ಒಮ್ಮೆ ಸವರಿದರೆ ಉದುರುತ್ತದೆ.

ಅಲಗಿನ ಇಳಿಜಾರು ತೆಗೆಯುವ ಮೊದಲು ಅಂಚಿನ ನಟ್ಟನಡುವೆ ಒಂದು ಗೆರೆ ಬೇಕು. ಎರಡು ಮಿಲಿಮೀಟರ್ ದಪ್ಪದ ನಡುವನ್ನು ಅಳೆಯುವುದು ಹೇಗೆ? ಅಪ್ಪ ಅದೇ ದಪ್ಪದ ಡ್ರಿಲ್ ಬಿಟ್ಟೊಂದನ್ನು ಗಾಜಿನ ಮೇಲೆ ಮಲಗಿಸಿದರು. ಪಕ್ಕದಲ್ಲಿ ಚಾಕುವನ್ನೂ ಮಲಗಿಸಿ ಅಂಚಿನುದ್ದಕ್ಕೂ ಬಿಟ್ಟಿನ ಮೊನೆ ಎಳೆದರು. ಬಿಟ್ಟಿನ ಮೊನೆ ಅದರ ದಪ್ಪದ ನಡುವೆಯೇ ಇರುವುದರಿಂದ ಗೆರೆಯೂ ನಡುವೆಯೇ ಬಿತ್ತು. ಅಳತೆಯ ಉಪಕರಣ ಮುಟ್ಟದೆ ಅಳತೆ ತೆಗೆಯುವ ಈ ಬುದ್ಧಿಗೆ ನಾನು ಇವತ್ತಿಗೂ ತಲೆದೂಗುತ್ತೇನೆ. ಆ ಗೆರೆ ತಲುಪುವವರೆಗೆ ಒಂದು ಮಗ್ಗುಲು ಉಜ್ಜುವುದು, ತಿರುಗಿಸಿ ಇನ್ನೊಂದು ಮಗ್ಗುಲು. ಕೊನೆಗೆ ಅರವನ್ನು ಅಡ್ಡ ಹಿಡಿದು ಎರಡು ಕೈಯಲ್ಲಿ ಉದ್ದಕ್ಕೆ ಎಳೆದರೆ ಗೀರುಗಳೆಲ್ಲ ಒಂದೇ ದಿಕ್ಕಿಗೆ ಮಲಗಿ, ಮೈ ನುಣುಪಾಗುತ್ತದೆ. ಪೂರ್ತಿ ಚೂಪು ಮಾಡಕೂಡದು. ಅಂಚಿನಲ್ಲಿ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಬಿಡಬೇಕು. ತೀರಾ ತೆಳುವಾದ ಅಂಚು ಬೆಂಕಿಯಿಂದ ಎಣ್ಣೆಗೆ ಹೋಗುವಾಗ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ.

ಅರದ ಕೆಲಸ ಮಾಡುವವರ ಕೈ ನೋಡಿದರೆ ಗೊತ್ತಾಗುತ್ತದೆ. ಉಕ್ಕಿನ ಪುಡಿ ಹಿಟ್ಟಿಗಿಂತ ನುಣ್ಣಗೆ. ಬೆರಳಿನ ಗೆರೆಗಳಲ್ಲಿ, ಉಗುರಿನ ಸಂದಿಯಲ್ಲಿ ಕೂತು ಬಿಡುತ್ತದೆ. ಸೀಗೆಪುಡಿ, ಸೋಪು ಯಾವುದಕ್ಕೂ ಜಗ್ಗುವುದಿಲ್ಲ. ಹುಳಿ ಅನ್ನ ಕಲಸಿದರೆ ಬೆರಳ ತುದಿ ಇನ್ನೂ ಕಪ್ಪಾಗುತ್ತಿತ್ತು. ಅಮ್ಮ ಚಮಚ ಕೊಟ್ಟಳು. ಮನೆಯಲ್ಲಿ ಚಮಚದಲ್ಲಿ ಊಟ ಮಾಡಿದ ಮೊದಲಿಗ ನಾನೇ. ಅಕ್ಕಪಕ್ಕದವರಿಗೆ ಕಿರ್ರ್ ಕಿರ್ರ್ ಎನ್ನುವ ಸದ್ದು ಸಾಕಾಗಿತ್ತು. ಮಧ್ಯಾಹ್ನ ಎರಡರಿಂದ ನಾಲ್ಕು ಅರ ಮುಟ್ಟಬಾರದೆಂದು ಆಚೆಮನೆ ಅಜ್ಜಿಯ ಕಟ್ಟಪ್ಪಣೆ.

ಹದ ಹಾಕುವ ಸಂಜೆ ಬಂತು. ಕಮ್ಮಾರ ಸಾಲೆಯ ಆಚಾರ್ರ ಹತ್ತಿರ ಕೈಯಲ್ಲಿ ತಿರುಗಿಸುವ ಸಣ್ಣ ಫ್ಯಾನೊಂದನ್ನು ಕೇಳಿ ತಂದಿದ್ದೆ. "ಇಲ್ಲಿಗೇ ತಗಂಬಾರಪ್ಪ, ಎರಡು ನಿಮಿಷದ ಕೆಲಸ" ಅಂದರು ಅವರು. ಮನೆಯಲ್ಲೇ ಮಾಡಬೇಕೆಂಬ ಹಟ ಹೇಳಿದಾಗ ನಕ್ಕು, "ಹಂಗಾದ್ರೆ ಬೆಳಕಲ್ಲಿ ಮಾಡಬ್ಯಾಡ, ಬಣ್ಣ ಸುಳ್ಳು ಹೇಳುತ್ತೆ" ಎಂದು ಕಳಿಸಿದರು. ಆ ಒಂದು ಮಾತಿಗೆ ಅವರಿಗೆ ಗುರುದಕ್ಷಿಣೆ ಸಲ್ಲಬೇಕು. ಬಿಸಿಲಿನಲ್ಲಿ ಕೆಂಡದ ಕೆಂಪು ಕಾಣುವುದೇ ಇಲ್ಲ. ಕಂಡಾಗ ಶಾಖ ಮಿತಿ ಮೀರಿರುತ್ತದೆ. ಕಮ್ಮಾರ ಸಾಲೆಗಳು ಯಾಕೆ ಕತ್ತಲು ಕತ್ತಲಾಗಿರುತ್ತವೆ ಎಂದು ಅವತ್ತು ತಿಳಿಯಿತು.

ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ, ಸಂದಿಗೆ ಮಣ್ಣು ಮೆತ್ತಿ, ಫ್ಯಾನಿನ ಗಾಳಿ ಹೋಗಲು ಕೆಳಗೆ ಹಳೆಯ ನೀರಿನ ಪೈಪಿನ ತುಂಡು ತೂರಿಸಿದೆವು. ಸತುವಿನ ಲೇಪದ ಪೈಪನ್ನು ಮಾತ್ರ ಅಪ್ಪ ಆಚೆಗೆಸೆದರು. ಬಿಸಿಯಾದರೆ ಅದರ ಹೊಗೆ ಕುಡಿದವರಿಗೆ ಜ್ವರ. ಇದ್ದಿಲು ಬಚ್ಚಲೊಲೆಯದೇ, ದಿನಾ ಕೆಂಡಕ್ಕೆ ನೀರು ಚಿಮುಕಿಸಿ ಕೂಡಿಟ್ಟದ್ದು. ತಣಿಸಲು ಎಣ್ಣೆ ಬೇಕು. ನೀರಿನಲ್ಲಿ ಅದ್ದಿದರೆ ಇಷ್ಟು ತೆಳು ಉಕ್ಕು ಟಿಕ್ ಎಂದು ಬಿರುಕು ಬಿಡುವ ಅಪಾಯವಿದೆ. ವನಸ್ಪತಿ ಡಬ್ಬದ ತುಂಬ ಕಡ್ಲೇಕಾಯಿ ಎಣ್ಣೆ ಕೇಳಿದಾಗ ಅಮ್ಮ ಹೌಹಾರಿದಳು. "ಒಂದು ಚಾಕುಗೆ ಒಂದು ಹಬ್ಬದ ಎಣ್ಣೆನಾ?" ಹಬ್ಬದ ನಂತರ ಉಳಿಸಿದ್ದ ಕರಿದ ಎಣ್ಣೆ ಸಿಕ್ಕಿತು. ಅದೇ ಸಾಕಿತ್ತು. ಅದನ್ನೂ ಬೆಚ್ಚಗೆ ಮಾಡಿಕೊಂಡೆವು. ತಣ್ಣನೆಯ ಎಣ್ಣೆ ಮಂದವಾಗಿದ್ದು ಶಾಖವನ್ನು ನಿಧಾನ ಹೀರುತ್ತದೆ, ಸುಮಾರು 60 ಡಿಗ್ರಿಗೆ ಬಂದರೆ ತೆಳುವಾಗಿ ಚುರುಕಾಗುತ್ತದೆ. ಪಕ್ಕದಲ್ಲಿ ಡಬ್ಬ ಮುಚ್ಚಲು ತಗಡು, ಒಂದು ಬಕೆಟ್ ಒಣ ಮರಳು. ನೀರಿನ ಕೊಡವನ್ನು ಅಪ್ಪ ದೂರ ಇರಿಸಿದರು, ಉರಿಯುವ ಎಣ್ಣೆಗೆ ನೀರು ಬಿದ್ದರೆ ಮನೆಗೆ ಬೆಂಕಿ. ನನ್ನ ಟೆರಿಲಿನ್ ಅಂಗಿ ಬಿಚ್ಚಿಸಿ ಹತ್ತಿಯದು ಹಾಕಿಸಿದರು.

ಮುಸ್ಸಂಜೆ. ನಾನು ಫ್ಯಾನು ತಿರುಗಿಸುತ್ತಿದ್ದೆ, ಅಪ್ಪ ಇಕ್ಕಳದಲ್ಲಿ ಅಲಗನ್ನು ಕೆಂಡದೊಳಗೆ ಆಡಿಸುತ್ತಿದ್ದರು. ಕಪ್ಪು, ಕಡುಗೆಂಪು, ಕೆಂಪು. ಕೆಟ್ಟ ರೇಡಿಯೋದ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ತಂತಿಯಲ್ಲಿ ನೇತಾಡುತ್ತಿತ್ತು. ಅಲಗು ತಂದು ತಾಗಿಸಿದರೆ ಟಕ್ಕೆಂದು ಹಿಡಿಯಿತು. ಮತ್ತೆ ಕೆಂಡಕ್ಕೆ. ಇನ್ನೊಮ್ಮೆ ತಾಗಿಸಿದಾಗ ಅಯಸ್ಕಾಂತ ಅಲ್ಲಾಡಲಿಲ್ಲ. 770 ಡಿಗ್ರಿ ದಾಟಿದ ಉಕ್ಕಿಗೆ ಅಯಸ್ಕಾಂತದ ಹಂಗಿಲ್ಲ. ಅಲ್ಲಿಂದ ಇನ್ನೊಂದಿಷ್ಟು ಕಾಯಬೇಕು, ಅಷ್ಟೇ. ಆ ಹೊತ್ತಿನಲ್ಲಿ ಕಂಡ ಒಂದು ವಿಚಿತ್ರವನ್ನು ಮರೆಯಲಾರೆ. ಕೆಂಪಗಾದ ಅಲಗಿನೊಳಗೆ, ಕೆರೆಯ ನೀರಿನಲ್ಲಿ ಮೋಡದ ನೆರಳು ಸರಿದ ಹಾಗೆ, ಕಪ್ಪು ನೆರಳೊಂದು ಬೆನ್ನಿನಿಂದ ಅಂಚಿನ ಕಡೆ ಜಾರಿ ಹೋಯಿತು. ಉಕ್ಕಿನ ಒಳರಚನೆ ಬದಲಾಗುವಾಗ ಅದು ಶಾಖವನ್ನು ನುಂಗುತ್ತದೆ, ನುಂಗಿದ ಕಡೆ ಹೊಳಪು ಕ್ಷಣಕಾಲ ಕುಂದುತ್ತದೆ. ಈ ವಿವರಣೆ ನಾನು ಆಮೇಲೆ ಓದಿಕೊಂಡದ್ದು. ಆಗ ಅಪ್ಪ ಹೇಳಿದ್ದು "ನೆರಳು ಹೋಯ್ತು ನೋಡು, ಈಗ" ಎಂದಷ್ಟೇ.

ಅಲಗು ನೆಟ್ಟಗೆ ಎಣ್ಣೆಗಿಳಿಯಿತು. ಬುಸ್ಸೆಂದು ಬೆಂಕಿ ಎದ್ದು ಕುಸಿಯಿತು, ಕರಿದ ಎಣ್ಣೆಯ ವಾಸನೆ ಓಣಿಗೆಲ್ಲ ಹಬ್ಬಿತು. ಪಕ್ಕಕ್ಕೆ ಅಲ್ಲಾಡಿಸಬಾರದು, ಮೇಲೆ ಕೆಳಗೆ ಮಾತ್ರ. ಪಕ್ಕಕ್ಕೆ ಆಡಿಸಿದರೆ ಒಂದು ಮಗ್ಗುಲು ಬೇಗ ತಣಿದು ಅಲಗು ಬಿಲ್ಲಾಗುತ್ತದೆ. ಹೊರತೆಗೆದ ಕೂಡಲೇ ಎರಡು ಹಲಗೆಗಳ ನಡುವೆ ಇಟ್ಟು ಅಪ್ಪ ಅದರ ಮೇಲೆ ನಿಂತರು. ತಣ್ಣಗಾದ ಮೇಲೆ ಮೂಲೆಯೊಂದಕ್ಕೆ ಅರ ತಾಗಿಸಿ ನೋಡಿದೆ. ಬೆಳಿಗ್ಗೆ ಕಚ್ಚುತ್ತಿದ್ದ ಅರ ಗಾಜಿನ ಮೇಲೆ ಓಡಿದಂತೆ ಜಾರಿತು. ಹದ ಹಿಡಿದಿತ್ತು.

ಆ ಬೆಂಕಿಯ ಮುಂದೆ ಕೂತಾಗ ನನಗೆ ಗೊತ್ತಿರದ ಒಂದು ಚರಿತ್ರೆ ಇದೆ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕಬ್ಬಿಣ ಕರಗಿಸಲು ಶುರು ಮಾಡಿದ್ದೇ ಇದ್ದಿಲಿನಿಂದ. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲ ಕಾಡಿನ ಸೌದೆ. ಅದಕ್ಕೂ ಎಷ್ಟೋ ಹಿಂದೆ ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಂಥ ಕಡೆ ಮಣ್ಣಿನ ಮೂಸೆಯಲ್ಲಿ ಉಕ್ಕು ಮಾಡುತ್ತಿದ್ದರು. ಒಡೆದ ಮೂಸೆಗಳ ಚೂರು ಅಲ್ಲಿ ಸಂಶೋಧಕರಿಗೆ ಸಿಕ್ಕಿವೆ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಾಗಡಿ ಕಡೆಯ ಕಬ್ಬಿಣದ ಕೆಲಸವನ್ನೂ, ವಾದ್ಯಗಳಿಗೆಂದು ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿಯನ್ನೂ ಬರೆದಿಟ್ಟಿದ್ದಾನೆ. ದಕ್ಷಿಣದ ಈ ಉಕ್ಕಿನ ಗುಟ್ಟು ಬಿಡಿಸಲು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ ಚಾಕು ಕತ್ತರಿ ಮಾಡುವ ಜೇಮ್ಸ್ ಸ್ಟೊಡಾರ್ಟ್ ಎಂಬವನ ಜೊತೆ ಸೇರಿ 1820ರ ಸುಮಾರಿಗೆ ಪ್ರಯೋಗ ನಡೆಸಿದ. ಫ್ಯಾರಡೆಯ ಅಪ್ಪನೂ ಕಮ್ಮಾರನೇ. ಇಷ್ಟೆಲ್ಲ ನಡೆದ ಸೀಮೆಯಲ್ಲಿ ನಮ್ಮ ಪಠ್ಯಪುಸ್ತಕ ಉಕ್ಕಿನ ಬಗ್ಗೆ ನನಗೆ ಕಲಿಸಿದ್ದು ಇಂಗ್ಲೆಂಡಿನ ಬೆಸ್ಸೆಮರ್ ಎಂಬವನ ಹೆಸರೊಂದನ್ನು. ಆ ಬಗ್ಗೆ ನನಗೆ ಈಗಲೂ ಅಸಮಾಧಾನವಿದೆ.

ಹದ ಹಾಕಿದ ಅಲಗು ಹಾಗೆಯೇ ಕೆಲಸಕ್ಕೆ ಬಾರದು. ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಎರಡು ತುಂಡು. ಆ ಬಿರುಸನ್ನು ಇಳಿಸಬೇಕು. ಇದು ಅಡುಗೆಮನೆಯ ಕೆಲಸ. ಹಳೆಯ ಕಬ್ಬಿಣದ ಕಾವಲಿಯಲ್ಲಿ ಒಂದು ಅಂಗುಲ ಹೊಳೆಮರಳು ಹರವಿ ಗ್ಯಾಸಿನ ಸಣ್ಣ ಉರಿಗಿಟ್ಟೆವು. ಎಮರಿ ಪೇಪರಿನಲ್ಲಿ ಅಲಗನ್ನು ಬೆಳ್ಳಗೆ ಉಜ್ಜಿ, ಬೆನ್ನನ್ನು ಮರಳಿನಲ್ಲಿ ಹೂತು, ಅಂಚು ಮೇಲೆ ಮಾಡಿ ನಿಲ್ಲಿಸಿದೆವು. ಬೆನ್ನಿಗೆ ಶಾಖ ಹೆಚ್ಚು, ಅಂಚಿಗೆ ಕಡಿಮೆ. ಹೊಳೆಯುವ ಉಕ್ಕಿನ ಮೇಲೆ ಬಣ್ಣ ಏರತೊಡಗಿತು. ಮೊದಲು ಒಣಹುಲ್ಲಿನ ತೆಳು ಹಳದಿ, ಅದು 200 ಡಿಗ್ರಿ ದಾಟಿದ ಗುರುತು. ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಬಣ್ಣ ಉಕ್ಕಿನದಲ್ಲ, ಮೇಲೆ ಹುಟ್ಟುವ ತೆಳ್ಳನೆಯ ತುಕ್ಕಿನ ಪೊರೆಯದು. ಪೊರೆ ದಪ್ಪವಾದ ಹಾಗೆ ಬಣ್ಣ ಬದಲಾಗುತ್ತದೆ. ತರಕಾರಿ ಚಾಕುವಿನ ಅಂಚಿಗೆ ಒಣಹುಲ್ಲಿನ ಬಣ್ಣ ಸಾಕು. ಬೆನ್ನು ನೀಲಿಯಾಗಿ ಅಂಚು ಹಳದಿ ತಿರುಗಿದ ಕೂಡಲೇ ನೀರಿಗೆ. ಅಮ್ಮ ಮೂರೂ ಹೊತ್ತು ದೋಸೆಯ ಬಣ್ಣ ನೋಡಿ ಮಗುಚುವವಳು. "ಈಗ ತೆಗಿಯೋ, ಸೀದೋಗುತ್ತೆ" ಎಂದು ಕೂಗಿದ್ದು ಅವಳೇ, ಅಪ್ಪನಿಗಿಂತ ಮೊದಲು.

ಹಿಡಿಗೆ ಬೀಟೆ. ಅಜ್ಜನ ಕಾಲದ ಮಂಚದ ಮುರಿದ ಕಾಲನ್ನು ಸೀಳಿ ಎರಡು ಹಲಗೆ ಮಾಡಿದ್ದು. ಎಷ್ಟು ದಪ್ಪ ಇರಬೇಕೆಂಬುದಕ್ಕೆ ಅಮ್ಮನ ಕೈಗೆ ಚಪಾತಿ ಹಿಟ್ಟಿನ ಉಂಡೆಯೊಂದನ್ನು ಉದ್ದ ಮಾಡಿ ಕೊಟ್ಟೆ. ಚಾಕು ಹಿಡಿದ ಹಾಗೆ ಅದನ್ನು ಹಿಡಿದಳು. ತೋರುಬೆರಳು ಎಲ್ಲಿ ಕೂರುತ್ತದೆ, ಕಿರುಬೆರಳ ಹತ್ತಿರ ಎಷ್ಟು ತುಂಬಬೇಕು ಎಲ್ಲ ಹಿಟ್ಟಿನಲ್ಲಿ ಅಚ್ಚಾಯಿತು. ಅದು ಒಣಗುವ ಮೊದಲು ಅಳತೆ ತೆಗೆದುಕೊಂಡೆ. ಅಂಗಡಿಯ ಹಿಡಿಗಳೆಲ್ಲ ಅವಳ ಕೈಗೆ ದೊಡ್ಡವು ಎಂದು ಆಗಲೇ ಗೊತ್ತಾದದ್ದು. ಅರಾಲ್ಡೈಟ್ ಹಚ್ಚಿ ಒಂದು ದಿನ ಬಿಟ್ಟು, ಹಿತ್ತಾಳೆ ಕಡ್ಡಿಯ ಮೊಳೆ ತೂರಿಸಿ ಎರಡೂ ತುದಿ ಬಡಿದು ಹರಡಿದ್ದಾಯಿತು. ಸ್ಯಾಂಡ್ ಪೇಪರ್ 120ರಿಂದ ಶುರುಮಾಡಿ 600ರವರೆಗೆ. ಮೇಲೆ ಅಗಸೆ ಎಣ್ಣೆ ತಿಕ್ಕಿದಾಗ ಬೀಟೆಯ ಕಪ್ಪು ಗೆರೆಗಳು ಎದ್ದು ಬಂದವು. ಬೀಟೆಯ ಪುಡಿ ಮೂಗಿಗೆ ಹೋದರೆ ಸೀನು ನಿಲ್ಲದು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ.

ಸಾಣೆಕಲ್ಲಿನ ಒರಟು ಮಗ್ಗುಲು, ಆಮೇಲೆ ನುಣ್ಣನೆಯದು. ಒಂದು ಕಡೆ ಉಜ್ಜುತ್ತ ಹೋದರೆ ಇನ್ನೊಂದು ಕಡೆಗೆ ಕಣ್ಣಿಗೆ ಕಾಣದ ಸಿಬಿರು ಏಳುತ್ತದೆ, ಹೆಬ್ಬೆರಳಿಗೆ ತಿಳಿಯುತ್ತದೆ. ಅದು ಉದ್ದಕ್ಕೂ ಎದ್ದ ಮೇಲೇ ಮಗ್ಗುಲು ಬದಲಿಸಬೇಕು. ಕೊನೆಗೆ ಹಳೆಯ ಚರ್ಮದ ಬೆಲ್ಟಿನ ಒಳಮೈಗೆ ಎಳೆದದ್ದು. ಮೊದಲ ಟೊಮೆಟೊ ತನ್ನ ಭಾರಕ್ಕೇ ಸೀಳಿಕೊಂಡಿತು.

ಸೋದರಮಾವ ಕೋರ್ಟಿನಲ್ಲಿ ಗುಮಾಸ್ತರು. ಚಾಕು ನೋಡಿ, "ಲೈಸೆನ್ಸ್ ಬೇಕಾಗುತ್ತೆ ಕಣೋ" ಎಂದು ಹೆದರಿಸಿದರು. ಆಯುಧಗಳ ನಿಯಮ ತೆಗೆದು ನೋಡಿದರೆ, ಅಲಗು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲ ಇದ್ದರೆ ಆ ಮಾತು. ಮನೆಬಳಕೆಗೆ, ಬೇಸಾಯಕ್ಕೆ ಮಾಡಿದ್ದಕ್ಕೆ ಅದೂ ಇಲ್ಲ. ಅಮ್ಮನ ಆತಂಕ ಬೇರೆಯದಿತ್ತು. ಬಾಳೆಹೂವು ಹೆಚ್ಚಿದ ದಿನ ಅಲಗು ಕಪ್ಪಾಯಿತು, ಮಾವಿನಕಾಯಿ ಹೆಚ್ಚಿದ ದಿನ ನೀಲಿ ಬೂದು ಬಣ್ಣದ ಕಲೆ. "ಹಾಳಾಯ್ತಲ್ಲೋ" ಎಂದು ಪೇಚಾಡಿದಳು. ಸ್ಟೀಲ್ ಚಾಕುವಿನಲ್ಲಿರುವ ಕ್ರೋಮಿಯಂ ಇದರಲ್ಲಿಲ್ಲ, ಹುಳಿ ಒಗರು ತಗುಲಿದರೆ ಬಣ್ಣ ತಿರುಗುವುದು ಅದರ ಗುಣ. ಒರೆಸಿಟ್ಟು ಎರಡು ಹನಿ ಎಣ್ಣೆ ಸವರಿದರೆ ತುಕ್ಕಿಲ್ಲ. ನಾಲ್ಕಾರು ತಿಂಗಳಲ್ಲಿ ಅಲಗಿಡೀ ಬೂದುಬಣ್ಣಕ್ಕೆ ಬಂದು ಅಲ್ಲಿಗೆ ನಿಂತಿತು. ಆ ವರ್ಷ ಆಯುಧಪೂಜೆಗೆ ಅಪ್ಪನ ಸ್ಪಾನರುಗಳ ಪಕ್ಕ ಅದಕ್ಕೂ ಕುಂಕುಮ ಬಿತ್ತು. ಅಮ್ಮ ಅದನ್ನು ಯಾರ ಕೈಗೂ ನೇರ ಕೊಟ್ಟವಳಲ್ಲ, ಕಟ್ಟೆಯ ಮೇಲಿಟ್ಟು "ತಗೋ" ಅನ್ನುತ್ತಿದ್ದಳು. ಕೈಯಿಂದ ಕೈಗೆ ಕತ್ತಿ ಕೊಟ್ಟರೆ ಜಗಳವಾಗುತ್ತದಂತೆ.

ಆಮೇಲೆ ಇನ್ನೂ ಹಲವು ಚಾಕು ಮಾಡಿದ್ದೇನೆ, ಕರೆಂಟಿನ ಗ್ರೈಂಡರು ಬಂದ ಮೇಲೆ ಬೇಗ ಬೇಗ. ಯಾವುದೂ ಅಷ್ಟು ಅಚ್ಚುಕಟ್ಟಾಗಿ ಕೈಗೆ ಕೂರಲಿಲ್ಲ. ಈಗ ನಾನಿರುವ ಮನೆಯಲ್ಲಿ ಸೋಲಾರ್ ನೀರು, ಬೂದಿ ಇಲ್ಲ, ಇದ್ದಿಲಿಲ್ಲ, ಹಿತ್ತಲಿಲ್ಲ. ಕಾವಲಿಯೂ ನಾನ್‌ಸ್ಟಿಕ್, ಅದರಲ್ಲಿ ಮರಳು ಹುರಿದರೆ ಕಾವಲಿಯೇ ಹೋಗುತ್ತದೆ. ಹಾಗಾಗಿ ಮೊದಲ ಚಾಕು ಮಾಡಬೇಕೆಂದು ಕೇಳಿಕೊಂಡು ಬರುವ ಹುಡುಗರನ್ನು ನಾನು ಊರಿನಲ್ಲಿ ಅಜ್ಜಿಮನೆ ಇದೆಯೇ ಎಂದು ಮೊದಲು ವಿಚಾರಿಸುತ್ತೇನೆ.

ಇದ್ದರೆ ಅಟ್ಟ ಹತ್ತಿ ನೋಡಿ. ಹಳೆಯ ಕೈಗರಗಸ, ಎರಡಾಳಿನ ಗರಗಸ ಏನಾದರೂ ಬಿದ್ದಿದ್ದರೆ ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಒಂದು ಗೇಣಿನಷ್ಟಾದರೂ ಕತ್ತರಿಸಿಟ್ಟುಕೊಳ್ಳಿ. ಹೊಸದಾಗಿ ಕೊಳ್ಳುವುದಿದ್ದರೆ ದುಡ್ಡನ್ನು ಒಂದು ಒಳ್ಳೆಯ ಅರಕ್ಕೆ ಹಾಕಿ, ಮಿಕ್ಕ ಸಾಮಾನೆಲ್ಲ ಸಾಧಾರಣದ್ದಾದರೂ ನಡೆಯುತ್ತದೆ. ಹದ ಹಾಕುವುದಕ್ಕೆ ಮಾತ್ರ ಸಂಜೆಯವರೆಗೆ ಕಾಯಿರಿ.